ಎರಡನೆಯ ಬ್ರೇಕು

ಮಗಳು ಕಾರು ಓಡಿಸುವಾಗ ಪಕ್ಕದಲ್ಲಿ ಕೂತರೆ ನನ್ನ ಬಲಗಾಲು ಸುಮ್ಮನಿರುವುದಿಲ್ಲ. ಮುಂದಿನ ಕಾರಿನ ಕೆಂಪು ದೀಪ ಹತ್ತಿತೋ ಇಲ್ಲವೋ, ಅದು ನನ್ನನ್ನು ಕೇಳದೆ ಮುಂದೆ ಹೋಗಿ ಕಾಲಡಿಯ ಮ್ಯಾಟನ್ನು ಒತ್ತುತ್ತದೆ. ಕಳೆದ ವಾರ ರೂಟ್ ಹದಿನೆಂಟರ ಹೆದ್ದಾರಿಯಲ್ಲಿ ಹೋಗುವಾಗ ಹೀಗೇ ನಾಲ್ಕೈದು ಸಲ ಆಯಿತು.

"ಅಮ್ಮಾ, ಸ್ಟಾಪ್ ಇಟ್. ದೇರ್ ಈಸ್ ನೋ ಬ್ರೇಕ್ ದೇರ್," ಎಂದಳು ಅನಘಾ.

"ನಾನೇನೇ ಮಾಡ್ದೆ?"

"ಯುವರ್ ಫುಟ್. ಐ ಕ್ಯಾನ್ ಸೀ ಇಟ್. ಇಟ್ಸ್ ಇನ್ಸಲ್ಟಿಂಗ್."

"ನಿಂಗೆ ಡ್ರೈವಿಂಗ್ ಕಲಿಸಿದ್ದೇ ಈ ಕಾಲು ಕಣೇ."

"ಎಕ್ಸಾಕ್ಟ್‌ಲಿ," ಎಂದಳು. ಈ ದೇಶದಲ್ಲಿ ಹುಟ್ಟಿದ ಮಕ್ಕಳು ಒಂದು ಪದದಲ್ಲಿ ಬಾಯಿ ಮುಚ್ಚಿಸುವುದನ್ನು ಎಲ್ಲಿ ಕಲಿಯುತ್ತಾರೋ.

ಹನ್ನೊಂದು ವರ್ಷ ನಾನು ಡ್ರೈವಿಂಗ್ ಕಲಿಸುತ್ತಿದ್ದೆ. ಕಲಿಸುವ ಕಾರಿಗೆ ಪಕ್ಕದ ಸೀಟಿನ ಕಡೆಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಗಾಬರಿಯಲ್ಲಿ ಕಾಲು ತಪ್ಪಿದರೆ ಕಲಿಸುವವರು ಅದನ್ನು ಒತ್ತಿ ಎರಡು ಜೀವ, ಒಂದು ಕಾರು, ಕೆಲವೊಮ್ಮೆ ಯಾರದೋ ಮನೆ ಮುಂದಿನ ಟಪಾಲು ಡಬ್ಬ ಉಳಿಸಬೇಕು. ಆ ಕಾರನ್ನು ಮಾರಿ ಆರು ವರ್ಷವಾಯಿತು. ಕಾಲಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಈಗ ನಾನು ಕಾದಂಬರಿಗಾರ್ತಿ. ಇದನ್ನು ಬರೆಯುವಾಗ ಸ್ವಲ್ಪ ನಾಚಿಕೆಯಾಗುತ್ತದೆ, ಆದರೆ ಮೂರು ಪುಸ್ತಕ ಬಂದ ಮೇಲೆ ಇಲ್ಲವೆನ್ನಲಾಗದು. ಮೂರನೆಯದು ಅಚ್ಚಿಗೆ ಹೋಗುವಾಗ ಬೆಂಗಳೂರಿನ ಪ್ರಕಾಶಕರು ಬೆನ್ನುಪುಟಕ್ಕೆ ಲೇಖಕಿಯ ಪರಿಚಯ ಬೇಕು, ಐದು ಸಾಲು ಕಳಿಸಿ ಎಂದರು. ಚೌಕಾಶಿಗೆ ಜಾಗವಿರಲಿ ಅಂತ ನಾನು ಒಂದೂವರೆ ಪುಟ ಬರೆದು ಕಳಿಸಿದೆ. ಅವರು ನನಗಿಂತ ಗಟ್ಟಿ. 'ಅಮೆರಿಕದಲ್ಲಿ ಹಲವು ಉದ್ಯೋಗಗಳ ಅನುಭವ' ಎಂದು ನಾಲ್ಕು ಪದಕ್ಕೆ ಇಳಿಸಿಬಿಟ್ಟರು. ಆ ನಾಲ್ಕು ಪದದೊಳಗೆ ಏನೇನು ತುರುಕಿದ್ದಾರೆಂದು ನಿಮಗಾದರೂ ಹೇಳಬೇಕು.

ಮೊದಲು ಚೌಕಾಶಿಯ ಮೂಲ ಹೇಳುತ್ತೇನೆ. ತಿಪಟೂರಿನ ಪೇಟೆಬೀದಿಯಲ್ಲಿ ನಮ್ಮಪ್ಪನದು ಪಾತ್ರೆ ಅಂಗಡಿ. ಹೆಂಗಸರು ಹಳೆಯ ಹಿತ್ತಾಳೆ ತಂದು ಕೊಟ್ಟು ಹೊಸ ಸ್ಟೀಲು ಒಯ್ಯುವ ಕಾಲ ಅದು. ತಂದ ಪಾತ್ರೆಯನ್ನು ಅಪ್ಪ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಮುಖ ಸಣ್ಣ ಮಾಡುತ್ತಿದ್ದರು. ಬಾಯಿಬಿಟ್ಟು ಒಂದು ಮಾತು ಆಡುತ್ತಿರಲಿಲ್ಲ. ಆ ಸಣ್ಣ ಮುಖ ನೋಡಿದ್ದೇ ತಡ, ತಂದವಳಿಗೆ ತನ್ನ ಅಜ್ಜಿಯ ಕಾಲದ ಗಟ್ಟಿ ಕೊಳಗದ ಮೇಲೇ ಅನುಮಾನ ಹುಟ್ಟುತ್ತಿತ್ತು. "ಒಡೆದಿದೆಯಾ ಶೆಟ್ರೇ?" ಎಂದು ಅವಳೇ ಕೇಳುತ್ತಿದ್ದಳು. ಅಪ್ಪ ಒಡೆದಿದೆ ಎನ್ನುತ್ತಿರಲಿಲ್ಲ, ಇಲ್ಲ ಎಂದೂ ಅನ್ನುತ್ತಿರಲಿಲ್ಲ. ಅವಳು ಹೋದ ಮೇಲೆ ನನಗೆ ಹೇಳುತ್ತಿದ್ದರು: "ನಿಜಾನ ಪೂರ್ತಿ ಒಂದೇ ಸಲ ಕೊಟ್ಬಿಡಬಾರದು ಕಣಮ್ಮ. ಅರ್ಧ ಕೊಡು. ಮಿಕ್ಕಿದ್ದನ್ನ ಕೇಳಿದ್ರೆ ಆಮೇಲೆ ನೋಡೋಣ."

ನಾನು ಅಪ್ಪನ ಒಳ್ಳೆಯ ಶಿಷ್ಯೆ. ಮದುವೆಯಾಗಿ ನ್ಯೂಜೆರ್ಸಿಯ ಹ್ಯಾರಿಸನ್‌ಗೆ ಬಂದಾಗ ನನ್ನ ಹತ್ತಿರ ಇದ್ದ ವಿದ್ಯೆ ಅದೊಂದೇ. ನಮ್ಮವರು ನೂವಾರ್ಕಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಈಗ ಹ್ಯಾರಿಸನ್ ಸ್ಟೇಷನ್ನಿನ ಸುತ್ತ ಗಾಜಿನ ಅಪಾರ್ಟ್‌ಮೆಂಟುಗಳು ಎದ್ದಿವೆ. ಆಗ ನಾವಿದ್ದದ್ದು ಮರದ ಮನೆಯೊಂದರ ಮಹಡಿಯಲ್ಲಿ. ಟ್ರೈನು ಹೋದಾಗಲೆಲ್ಲ ಒಗ್ಗರಣೆ ಸೌಟು ಗೋಡೆಗೆ ಬಡಿಯುತ್ತಿತ್ತು. ಸ್ಟೇಷನ್ ಎದುರು ಒಂದು ಡೋನಟ್ ಅಂಗಡಿಯಲ್ಲಿ ಬೆಳಗಿನ ಪಾಳಿಗೆ ಸೇರಿಕೊಂಡೆ. ನನ್ನ ಇಂಗ್ಲಿಷು ಗಿರಾಕಿಗಳಿಗೆ ತಿಳಿಯುತ್ತಿರಲಿಲ್ಲ, ಅವರದು ನನಗೆ. ಹಾಗಾಗಿ ಬಾಗಿಲಲ್ಲಿ ಮುಖ ಕಂಡ ಕೂಡಲೇ ಇವರಿಗೆ ಯಾವ ಕಾಫಿ ಎಂದು ಊಹಿಸಿ ತಯಾರು ಮಾಡಿಡುವುದನ್ನು ಕಲಿತೆ. ಬಾಡಿದ ಮುಖಕ್ಕೆ ಕಪ್ಪು ಕಾಫಿ, ಹೊಸ ಟೈಗೆ ಎರಡು ಸಕ್ಕರೆ. ಹತ್ತರಲ್ಲಿ ಎಂಟು ಸರಿ ಇರುತ್ತಿತ್ತು. ಮಿಕ್ಕ ಇಬ್ಬರು ನನ್ನ ಮುಖ ನೋಡಿ, ಇರಲಿ ಪಾಪ ಎಂದು ಅದನ್ನೇ ಕುಡಿಯುತ್ತಿದ್ದರು.

ಈಸ್ಟ್ ಬ್ರನ್ಸ್‌ವಿಕ್‌ಗೆ ಮನೆ ಬದಲಾಯಿಸಿದ ಮೇಲೆ ಬ್ಲೌಸು ಹೊಲಿದೆ. ನಮ್ಮ ಹೆಂಗಸರು ಅಳತೆ ಕೊಡುವುದಿಲ್ಲ ನೋಡಿ, ಅಳತೆ ಬ್ಲೌಸು ಕೊಡುತ್ತಾರೆ. ಅದು ಯಾವಾಗಲೂ ಮದುವೆಯಾದ ಹೊಸತರದ್ದು. "ಇದೇ ಸೈಜು, ಒಂಚೂರು ಲೂಸ್ ಇಡಿ ಸಾಕು," ಎನ್ನುತ್ತಾರೆ. ಆ ಒಂಚೂರಿನಲ್ಲಿ ಎರಡು ಹೆರಿಗೆ, ಹದಿನೈದು ವರ್ಷದ ಚಳಿಗಾಲ ಎಲ್ಲ ಅಡಗಿರುತ್ತದೆ. ನಾನು ಕಣ್ಣಳತೆಯಲ್ಲೇ ಹೊಲಿದು, "ನಿಮ್ಮ ಅಳತೆ ಬ್ಲೌಸಿನ ಪ್ರಕಾರವೇ ಮಾಡಿದೀನಿ ಆಂಟಿ," ಎನ್ನುತ್ತಿದ್ದೆ. ಅವರಿಗೂ ಗೊತ್ತು, ನನಗೂ ಗೊತ್ತು. ಎಲ್ಲರೂ ಸುಖವಾಗಿದ್ದೆವು.

ಆಮೇಲೆ ಮದುವೆ ಹಾಲ್‌ಗಳ ಬಾಡಿಗೆಯ ಚೌಕಾಶಿ. ಮಕ್ಕಳ ಮದುವೆ ಮಾಡುವವರು ನನ್ನನ್ನು ಅತ್ತೆಯೋ ಚಿಕ್ಕಮ್ಮನೋ ಎಂದು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಹಾಲ್ ಮ್ಯಾನೇಜರು ತನ್ನ ರೇಟು ಹೇಳಿದ ಮೇಲೆ ನಾನು ಮಾತಾಡುತ್ತಿರಲಿಲ್ಲ. ಚಾವಣಿ ನೋಡುತ್ತಿದ್ದೆ. ಚಾವಣಿಯಲ್ಲಿ ಏನೂ ಇರುತ್ತಿರಲಿಲ್ಲ. ಆದರೆ ನಾನು ನೋಡುವ ರೀತಿಗೆ ಅವನೂ ತಲೆಯೆತ್ತಿ ನೋಡುತ್ತಿದ್ದ. ಸೋರಿದ ಗುರುತೋ, ಬಿರುಕೋ, ಅವನಿಗೆ ಏನೋ ಒಂದು ಕಾಣುತ್ತಿತ್ತು. ಇಬ್ಬರೂ ನೋಟ ಇಳಿಸುವಷ್ಟರಲ್ಲಿ ರೇಟೂ ಇಳಿದಿರುತ್ತಿತ್ತು. ಬೇಕಾದರೆ ನೀವೂ ಮಾಡಿ ನೋಡಿ, ಬಿಟ್ಟಿ ಸಲಹೆ. ಕಾರು ಕೊಳ್ಳುವುದಿದ್ದರೆ ಮಳೆ ಬರುವ ದಿನ, ತಿಂಗಳ ಕೊನೆಗೆ ಹೋಗಿ. ಕೈಚೀಲವನ್ನು ಮಡಿಲಿಂದ ಕೆಳಗಿಡಬೇಡಿ. ಎದ್ದು ಹೋಗುವವಳ ಹಾಗೆ ಕೂತುಕೊಳ್ಳುವುದು ಒಂದು ಕಲೆ.

ಇಂಜಿನಿಯರ್ ಗಂಡಂದಿರು ಹೆಂಡತಿಯರಿಗೆ ಡ್ರೈವಿಂಗ್ ಕಲಿಸುವುದನ್ನು ನೀವು ನೋಡಿದ್ದೀರಾ? ಭಾನುವಾರ ಬೆಳಗ್ಗೆ ಶಾಲೆಗಳ ಖಾಲಿ ಪಾರ್ಕಿಂಗ್ ಲಾಟುಗಳಲ್ಲಿ, ಗಾಜು ಏರಿಸಿಕೊಂಡ ಕಾರುಗಳೊಳಗೆ ಸಂಸಾರಗಳು ಕುದಿಯುತ್ತಿದ್ದವು. ಅದನ್ನು ಕಂಡೇ ನನಗೆ ಈ ಕೆಲಸ ಹೊಳೆದದ್ದು. ಕಲಿಸುವವರ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ಪಡೆದು, ಹಳೆಯ ಬೂದು ಕಾರಿಗೆ ಎರಡನೆಯ ಬ್ರೇಕು ಹಾಕಿಸಿದೆ. ಹೊಸದಾಗಿ ಬಂದ ಹುಡುಗಿಯರು, ಮಗನ ಮನೆಗೆ ಬಂದ ತಾಯಂದಿರು, ಎಲ್ಲರೂ ನನ್ನ ಶಿಷ್ಯೆಯರೇ. ಎಡಕ್ಕೆ ಹೋಗಬೇಕಾದರೆ ಮೊದಲು ಬಲಕ್ಕೆ ಇಳಿದು ಸುತ್ತಿ ಬರಬೇಕೆನ್ನುವ ನ್ಯೂಜೆರ್ಸಿಯ ರಸ್ತೆಗಳನ್ನು ಅವರಿಗೆ ಅರ್ಥ ಮಾಡಿಸುವುದರಲ್ಲಿ ನನ್ನ ಕೂದಲು ಬೆಳ್ಳಗಾಯಿತು.

ಕಾರಿನಲ್ಲಿ ಇನ್ನೊಂದು ವಿಶೇಷವಿದೆ. ಇಬ್ಬರೂ ಎದುರಿನ ರಸ್ತೆ ನೋಡುತ್ತಿರುತ್ತೇವೆ, ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಹಾಗಾಗಿ ಯಾರೂ ಯಾರಿಗೂ ಹೇಳದ ಮಾತೆಲ್ಲ ಅಲ್ಲಿ ಹೊರಬರುತ್ತದೆ. ಎರಡನೆಯ ಗೇರಿನ ಹುಡುಗಿಯರು ಅಳುತ್ತಾ, ನಗುತ್ತಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡೇ ನಾನು ಕಾದಂಬರಿಗಾರ್ತಿಯಾದೆ ಎಂದು ಸಭೆಗಳಲ್ಲಿ ಹೇಳುತ್ತೇನೆ. ಗೇರೇ ಬದಲಿಸಬೇಕಿಲ್ಲದ ಈ ದೇಶದ ಕಾರುಗಳಿಗೆ ಎರಡನೆಯ ಗೇರು ಎಲ್ಲಿದೆ ಎಂದು ಯಾರೂ ಕೇಳಿಲ್ಲ. ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ.

ಆದರೆ ಅದು ಅರ್ಧ. ಮಿಕ್ಕರ್ಧಕ್ಕೆ ಪಂಕಜಾ ಟೀಚರ್ ಬರಬೇಕು.

ಪಂಕಜಾ ಟೀಚರ್ ಮೈಸೂರಿನ ಒಂದು ಶಿಶುವಿಹಾರದಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದವರು. ಗಂಡ ತೀರಿಕೊಂಡ ಮೇಲೆ ಮಗ ಕಿರಣ ಗ್ರೀನ್ ಕಾರ್ಡ್ ಮಾಡಿಸಿ ಇಲ್ಲಿಗೆ ಕರೆಸಿಕೊಂಡಿದ್ದ. ಮನೆಯಲ್ಲಿ ಒಂದು ವರ್ಷದ ಅವಳಿ ಮಕ್ಕಳು. ನನ್ನ ಕಾರು ಹತ್ತಿದಾಗ ಟೀಚರಿಗೆ ಐವತ್ತಾರು. ನಾನು ಅವರನ್ನು ಟೀಚರ್ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಮೊದಲ ದಿನ ಸೀಟ್ ಬೆಲ್ಟ್ ಹಾಕಿಕೊಂಡು, ಸೆರಗು ಸಿಕ್ಕಿಸಿ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು, "ಹೇಳಿ ಮೇಡಂ, ನಾನು ದಡ್ಡಿ ಅಂತ್ಲೇ ಅಂದ್ಕೊಂಡು ಶುರು ಮಾಡಿ," ಎಂದರು.

ದಡ್ಡಿಯಲ್ಲ. ನನ್ನ ಹನ್ನೊಂದು ವರ್ಷದಲ್ಲಿ ಅಂಥ ಕಣ್ಣು ಇನ್ನೊಬ್ಬರಲ್ಲಿ ನೋಡಲಿಲ್ಲ. ನಲವತ್ತು ಮಕ್ಕಳನ್ನು ಒಂದೇ ನೋಟದಲ್ಲಿ ಹಿಡಿದಿಟ್ಟ ಕಣ್ಣು ಅದು. ಮುಂದಿನ ಕಾರಲ್ಲ, ಅದರ ಮುಂದಿನ ಕಾರು ಬ್ರೇಕು ಹಾಕುವಾಗಲೇ ಇವರ ಕಾಲು ಹಗುರವಾಗುತ್ತಿತ್ತು. "ಆ ಬಿಳಿ ಕಾರಿನೋನು ಈಗ ತಿರುಗ್ತಾನೆ ನೋಡಿ," ಎನ್ನುತ್ತಿದ್ದರು. ಅವನು ಸಿಗ್ನಲ್ಲೂ ಹಾಕದೆ ತಿರುಗುತ್ತಿದ್ದ. "ಹೇಗೆ ಗೊತ್ತಾಯ್ತು ಟೀಚರ್?" ಎಂದರೆ, "ತರಲೆ ಮಾಡೋ ಹುಡುಗರು ಮೊದಲು ಹೆಗಲು ಒಂಥರಾ ಮಾಡ್ತಾರೆ ಮೇಡಂ," ಎಂದು ನಗುತ್ತಿದ್ದರು.

ಅವರಿಗೆ ಡ್ರೈವಿಂಗ್ ಬೇಕಾಗಿದ್ದದ್ದು ಒಂದೇ ಕಾರಣಕ್ಕೆ. ಮನೆಯಿಂದ ಹತ್ತು ನಿಮಿಷದ ದೂರದಲ್ಲಿ ಒಂದು ನರ್ಸರಿ ಶಾಲೆ. ಮೊಮ್ಮಕ್ಕಳಿಗೆ ಮೂರು ತುಂಬಿದಾಗ ಸೇರಿಸಲೆಂದು ಮುಂಚೆಯೇ ಹೆಸರು ನೋಂದಾಯಿಸಲು ಹೋದವರು ಅಲ್ಲಿ ಅಳುತ್ತಿದ್ದ ಮಗುವೊಂದನ್ನು ಎರಡು ನಿಮಿಷದಲ್ಲಿ ನಗಿಸಿದ್ದರು. ಅದನ್ನು ನೋಡಿದ ಶಾಲೆಯ ಮುಖ್ಯಸ್ಥೆ, ಸೆಪ್ಟೆಂಬರಿನಿಂದ ಸಹಾಯಕ ಟೀಚರಾಗಿ ಬನ್ನಿ ಎಂದಿದ್ದಳು. ಬೆಳಗ್ಗೆ ಏಳಕ್ಕೆ ಅಲ್ಲಿರಬೇಕು. ಆ ಕಡೆ ಬಸ್ಸಿಲ್ಲ. "ಮತ್ತೆ ಪುಟಾಣಿಗಳ ಜೊತೆ ಇರ್ಬಹುದು ಮೇಡಂ. ಈ ವಯಸ್ಸಲ್ಲಿ ಯಾರು ಕರೀತಾರೆ ಹೇಳಿ?" ಎಂದು ಪ್ರತಿ ಕ್ಲಾಸಿನಲ್ಲೂ ಹೇಳುತ್ತಿದ್ದರು.

ಏಪ್ರಿಲಿನಲ್ಲಿ ಒಂದು ದಿನ ಅವರನ್ನು ಮನೆಗೆ ಬಿಟ್ಟು ಹೊರಡುವಾಗ ಕಿರಣ ಹೆಗಲ ಮೇಲೊಂದು ಮಗು ಹಾಕಿಕೊಂಡು ಗ್ಯಾರೇಜಿನ ಹತ್ತಿರ ಬಂದ.

"ಆಂಟಿ, ಅಮ್ಮಂದು ರೋಡ್ ಟೆಸ್ಟ್ ಯಾವಾಗ?"

"ಮುಂದಿನ ತಿಂಗಳೇ ಬುಕ್ ಮಾಡಬಹುದಪ್ಪ. ನಿಮ್ಮಮ್ಮ ಫಸ್ಟ್ ಕ್ಲಾಸ್ ಸ್ಟೂಡೆಂಟು."

"ಅದೇ ಪ್ರಾಬ್ಲಂ ಆಂಟಿ," ಎಂದು ಮನೆಯೊಳಗೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಅಮ್ಮ ಆ ನರ್ಸರಿಗೆ ಹೋದ್ರೆ ಇವರಿಬ್ರನ್ನ ಯಾರು ನೋಡ್ಕೊಳ್ತಾರೆ? ನಾವು ಗಂಡ ಹೆಂಡ್ತಿ ಇಬ್ರೂ ದಿನಾ ಸಿಟಿಗೆ ಕಮ್ಯೂಟ್ ಮಾಡ್ತೀವಿ. ಬೇಡ ಅನ್ನಕ್ಕೂ ಆಗಲ್ಲ, ಐ ಡೋಂಟ್ ವಾಂಟ್ ಟು ಬಿ ದಟ್ ಸನ್. ನೀವು ಸ್ವಲ್ಪ ಸ್ಲೋ ಮಾಡಿ. ಒಂದಾರು ತಿಂಗಳು. ಕ್ಲಾಸ್ ನಡೀಲಿ, ಅಮ್ಮಂಗೂ ಖುಷಿ. ಟೆಸ್ಟ್ ಮಾತ್ರ ಬೇಡ."

ಆಗಲ್ಲಪ್ಪ ಎಂದು ಹೇಳಿ ಕಾರು ಹತ್ತಬೇಕಿತ್ತು. ನಾನೇನು ಮಾಡಿದೆ ಗೊತ್ತೇ? ಅವನ ಗ್ಯಾರೇಜಿನ ಚಾವಣಿ ನೋಡಿದೆ. ಅವನೂ ನೋಡಿದ. ಮಗುವೂ ನೋಡಿತು.

"ನಮ್ಮ ಆಫೀಸಿಗೆ ಈ ವರ್ಷ ತುಂಬಾ ಫ್ಯಾಮಿಲೀಸ್ ಬಂದಿದಾರೆ ಆಂಟಿ. ಎಲ್ರನ್ನೂ ನಿಮ್ಮ ಹತ್ರಾನೇ ಕಳಿಸ್ತೀನಿ."

"ಆರು ತಿಂಗಳು ಆಗಲ್ಲ. ಮೂರು," ಎಂದೆ.

ನಾಲ್ಕಕ್ಕೆ ಒಪ್ಪಿದೆವು. ಒಬ್ಬ ಹೆಂಗಸಿನ ಕಾಲವನ್ನು, ಆಕೆ ಒಳಗೆ ಮೊಮ್ಮಗುವಿಗೆ ಅನ್ನ ಕಲಸುತ್ತಿರುವಾಗ, ಹೊರಗೆ ನಿಂತು ನಾವಿಬ್ಬರು ಹೆಚ್ಚು ಕಡಿಮೆ ಮಾಡಿದೆವು. ನಾಲ್ಕು ತಿಂಗಳೆಂದರೆ ಆಗಸ್ಟು, ಆಗ ಟೆಸ್ಟು ಮಾಡಿಸಿದರೆ ಸೆಪ್ಟೆಂಬರಿನ ಕೆಲಸಕ್ಕೇನೂ ತೊಂದರೆಯಿಲ್ಲ, ಅಷ್ಟರಲ್ಲಿ ಕಿರಣ ಮಕ್ಕಳಿಗೆ ಬೇರೆ ಏರ್ಪಾಡು ಮಾಡಿಕೊಳ್ಳುತ್ತಾನೆ, ಎಲ್ಲರಿಗೂ ಲಾಭ ಎಂದು ಲೆಕ್ಕ ಹಾಕಿದೆ. ಎರಡು ತಿಂಗಳು ಇಳಿಸಿದೆನಲ್ಲ ಎನ್ನುವ ಹೆಮ್ಮೆ ಬೇರೆ. ಮನೆಗೆ ಬಂದು ಹೋಳಿಗೆ ಮಾಡಿದ ನೆನಪು.

ಮುಂದಿನ ಕ್ಲಾಸಿನಿಂದ ನಾನು ಮುಖ ಸಣ್ಣ ಮಾಡತೊಡಗಿದೆ. ಎರಡು ಕಾರಿನ ನಡುವೆ ಅವರು ಹಿಂದಕ್ಕೆ ಬಂದು ಅಚ್ಚುಕಟ್ಟಾಗಿ ನಿಲ್ಲಿಸಿದರೆ ನಾನು ಬಾಗಿಲು ತೆರೆದು ಫುಟ್‌ಪಾತಿನ ಅಂಚುಗಲ್ಲನ್ನು ದೀರ್ಘವಾಗಿ ನೋಡುತ್ತಿದ್ದೆ. "ದೂರ ಆಯ್ತಾ ಮೇಡಂ?" ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿರಲಿಲ್ಲ, ಉಹೂಂ ಎಂದೂ ಅನ್ನುತ್ತಿರಲಿಲ್ಲ. "ಇನ್ನೊಂದ್ಸಲ ಮಾಡೋಣ" ಎನ್ನುತ್ತಿದ್ದೆ. ಅವರು ಮತ್ತೆ ಮಾಡುತ್ತಿದ್ದರು, ಮತ್ತೆ ಸರಿಯಾಗಿ. ಕೆಲವು ವಾರಗಳಲ್ಲಿ ನನ್ನ ನೆವಗಳೆಲ್ಲ ಮುಗಿದವು. ಆಗ ಎರಡನೆಯ ಬ್ರೇಕಿಗೆ ಕಾಲು ಹೋಯಿತು. ಅವರು ಬ್ರೇಕು ಹಾಕಲು ಇನ್ನೇನು ಕಾಲಿಡಬೇಕು, ಅಷ್ಟರೊಳಗೆ ನಾನೇ ಒತ್ತಿಬಿಡುತ್ತಿದ್ದೆ. ಕಾರು ಮುಗ್ಗರಿಸುತ್ತಿತ್ತು. "ನೋಡಿದ್ರಾ ಟೀಚರ್?" ಎನ್ನುತ್ತಿದ್ದೆ. ಏನನ್ನು ನೋಡಬೇಕೆಂದು ಹೇಳುತ್ತಿರಲಿಲ್ಲ. "ಥ್ಯಾಂಕ್ಸ್ ಮೇಡಂ, ನೀವಿಲ್ದಿದ್ರೆ," ಎಂದು ಅವರು ಕೈ ಒರೆಸಿಕೊಳ್ಳುತ್ತಿದ್ದರು.

ಜೂನಿನಲ್ಲಿ ಒಂದು ಬೆಳಗ್ಗೆ, ತುಂತುರು ಬೀಳುತ್ತಿತ್ತು. ಟೀಚರ್ ಕಾರು ಹತ್ತಿದವರೇ ಕೈಚೀಲದಿಂದ ಒಂದು ಕಾಗದ ತೆಗೆದು ತೋರಿಸಿದರು.

"ನೀವು ಬ್ಯುಸಿ ಇರ್ತೀರಿ ಅಂತ ರೋಡ್ ಟೆಸ್ಟಿಗೆ ನಾನೇ ಬುಕ್ ಮಾಡ್ಬಿಟ್ಟೆ ಮೇಡಂ. ಕಂಪ್ಯೂಟರಲ್ಲಿ. ಮುಂದಿನ ಬುಧವಾರ. ಕಿರಣಂಗೆ ಹೇಳಿಲ್ಲ, ಪಾಸಾಗಿ ಹೇಳೋಣ ಅಂತ."

ಅಷ್ಟು ಸಂತೋಷದ ಮುಖದ ಪಕ್ಕದಲ್ಲಿ ಕೂತು ನಾನು ಯೋಚಿಸಿದ್ದು ಕಿರಣ ಕಳಿಸಿದ್ದ ಏಳೆಂಟು ಹೊಸ ಹುಡುಗಿಯರನ್ನು, ಇನ್ನು ಕಳಿಸಬೇಕಾಗಿದ್ದವರನ್ನು.

ಮೇಪಲ್ ಮರಗಳ ಒಂದು ಬೀದಿ. ಮುಂದೆ ಸ್ಟಾಪ್ ಬೋರ್ಡು. ಟೀಚರ್ ಎಷ್ಟು ಬೇಕೋ ಅಷ್ಟು ನಿಧಾನ ಮಾಡುತ್ತಿದ್ದರು. ನನ್ನ ಕಾಲು ಒತ್ತಿತು. ಅವತ್ತು ಜೋರಾಗಿಯೇ ಒತ್ತಿತು. ಅವರ ಕನ್ನಡಕ ಜಾರಿ ಮಡಿಲಿಗೆ ಬಿತ್ತು.

"ಏನಾಯ್ತು ಮೇಡಂ?"

ಎಂದಿನಂತೆ ಸುಮ್ಮನಿರಬಹುದಿತ್ತು. "ಮಗು," ಎಂದೆ.

"ಎಲ್ಲಿ?"

"ಆ ಮರದ ಹಿಂದೆ. ರೋಡಿಗೆ ಕಾಲಿಟ್ಟಿತ್ತು. ಈಗ ಆ ಮನೆ ಹಿತ್ತಲಿಗೆ ಓಡಿಹೋಯ್ತು."

"ನಂಗೆ ಕಾಣ್ಲೇ ಇಲ್ವಲ್ಲ ಮೇಡಂ."

"ಹಳದಿ ರೇನ್‌ಕೋಟು ಹಾಕ್ಕೊಂಡಿತ್ತು ಟೀಚರ್. ಅಷ್ಟು ಚೆನ್ನಾಗಿ ಕಾಣ್ತಿತ್ತು."

ಆ ಹಳದಿ ರೇನ್‌ಕೋಟು ನನಗೆ ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು. ಹೊಲಿದು ಇಟ್ಟ ಹಾಗೆ ಬಾಯಿಗೆ ಬಂತು. ನನ್ನ ಕಾದಂಬರಿಗಳಲ್ಲಿ ಸಣ್ಣ ಸಣ್ಣ ವಿವರಗಳು ಕಣ್ಣಿಗೆ ಕಟ್ಟುತ್ತವೆ ಎಂದು ವಿಮರ್ಶಕರು ಬರೆದಾಗಲೆಲ್ಲ ನನಗೆ ಆ ಕೋಟಿನ ಗುಂಡಿಗಳು ನೆನಪಾಗುತ್ತವೆ.

ಟೀಚರ್ ಕಾರು ಆಫ್ ಮಾಡಿದರು. ಕನ್ನಡಕ ಹಾಕಿಕೊಂಡು ಇಳಿದು, ಕೊಡೆಯಿಲ್ಲದೆ ಆ ಮರದವರೆಗೂ ನಡೆದರು. ಮರದ ಹಿಂದೆ ನೋಡಿದರು. ಬೇಲಿಗಿಡದ ಹತ್ತಿರ ಸೊಂಟ ಬಗ್ಗಿಸಿ, ಬೆಂಚಿನ ಕೆಳಗೆ ಅಡಗಿದ ಮಕ್ಕಳನ್ನು ಹುಡುಕುವವರ ಹಾಗೆ, ಗಿಡದ ಬುಡದಲ್ಲೂ ನೋಡಿದರು. ನಾನು ಕಾರಿನಲ್ಲೇ ಕೂತಿದ್ದೆ. ಗಾಜಿನ ಮೇಲೆ ವೈಪರ್ ಆ ಕಡೆ ಅರ್ಧಕ್ಕೆ ನಿಂತಿತ್ತು. ಟೀಚರ್ ವಾಪಸು ಬಂದು ನನ್ನ ಕಡೆಯ ಬಾಗಿಲು ತೆರೆದರು.

"ನೀವು ಓಡ್ಸಿ ಮೇಡಂ."

ಅಷ್ಟೇ. ಬುಧವಾರದ ಟೆಸ್ಟನ್ನು ಅವರೇ ರದ್ದು ಮಾಡಿದರು. ನರ್ಸರಿಗೂ ಬರುವುದಿಲ್ಲ ಎಂದು ಹೇಳಿದರು. ಮಾರನೆಯ ವಾರ ನಾನು ಫೋನು ಮಾಡಿ, "ಇದಕ್ಕೆಲ್ಲ ಹೆದರಬಾರದು ಟೀಚರ್, ಬನ್ನಿ, ಆಗಸ್ಟಲ್ಲಿ ಟೆಸ್ಟ್ ಕೊಡೋಣ," ಎಂದೆ. ನನ್ನ ಒಪ್ಪಂದದ ಅವಧಿ ಅದಾಗಿತ್ತಲ್ಲ.

"ಡ್ರೈವಿಂಗ್ ಹೋಗ್ಲಿ ಮೇಡಂ," ಎಂದರು. "ಇಪ್ಪತ್ತಾರು ವರ್ಷ ಮಕ್ಕಳನ್ನೇ ನೋಡ್ಕೊಂಡು ಬಂದೋಳು. ಹಳದಿ ಕೋಟು ಹಾಕ್ಕೊಂಡಿರೋ ಮಗು ಎದುರಿಗೆ ಬಂದ್ರೆ ಕಾಣ್ಲಿಲ್ಲ ಅಂದ್ರೆ, ಇನ್ನು ಯಾರ ಮಕ್ಕಳನ್ನ ಯಾವ ಧೈರ್ಯದಲ್ಲಿ ನೋಡ್ಕೊಳ್ಳಲಿ?"

ಕಿರಣನಿಗೇ ಗಾಬರಿಯಾಗಿತ್ತು. "ಆಂಟಿ, ನಾನು ಸ್ಲೋ ಮಾಡಿ ಅಂದಿದ್ದೆ ಅಷ್ಟೇ. ಅಮ್ಮ ಮಕ್ಕಳನ್ನ ಪಾರ್ಕಿಗೆ ಕರ್ಕೊಂಡು ಹೋಗಕ್ಕೂ ಹೆದರ್ತಾರೆ. ಏನಾಯ್ತು ಅವತ್ತು?" ಎಂದು ಕೇಳಿದ. "ಏನೋ ಸ್ವಲ್ಪ ಹೆದರಿಕೊಂಡ್ರು," ಎಂದೆ. ಮಾತು ಕೊಟ್ಟ ಹಾಗೆ ಅವನು ಎಲ್ಲರನ್ನೂ ಕಳಿಸಿದ. ಆ ವರ್ಷ ನನ್ನ ಕಾರಿಗೆ ಬಿಡುವೇ ಇರಲಿಲ್ಲ. ಈಗ ಆ ಅವಳಿ ಮಕ್ಕಳು ಸೈಕಲ್ ಹೊಡೆಯುತ್ತಾರೆ, ಅಜ್ಜಿಯ ಮಾತಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಅಜ್ಜಿ ಇಡೀ ದಿನ ಮನೆಯಲ್ಲೇ. "ಅಮ್ಮಂಗೆ ಡ್ರೈವಿಂಗ್ ಬಂದಿದ್ರೆ ಎಷ್ಟು ಚೆನ್ನಾಗಿತ್ತು ಆಂಟಿ, ಶಿ ಈಸ್ ಸೋ ಬೋರ್ಡ್," ಎಂದು ಕಿರಣ ಮೊನ್ನೆ ಸಹ ಹೇಳಿದ. ಅವನು ಮರೆತಿದ್ದಾನೆ. ಅದು ಅವನ ಅದೃಷ್ಟ.

ನಾನು ಮರೆಯಲಿಲ್ಲ, ಕಾದಂಬರಿ ಬರೆದೆ. ಗಂಡ ತೀರಿಕೊಂಡ ಹೆಂಗಸೊಬ್ಬಳು ಐವತ್ತಾರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಯಾರನ್ನೂ ಕೇಳದೆ ಕಾರು ಹತ್ತಿ ಸೇತುವೆ ದಾಟಿ ಹೋಗುತ್ತಾಳೆ. ಜನ ಮೆಚ್ಚಿದರು. ದಿಟ್ಟ ನಾಯಕಿ ಎಂದರು. ಕಾರು ಮಾರಿ ಪೂರ್ತಿ ಬರವಣಿಗೆಗೆ ಕೂತಿದ್ದು ಆಮೇಲೆಯೇ. ಪುಸ್ತಕವನ್ನು ಪಂಕಜಾ ಟೀಚರಿಗೆ ಅರ್ಪಿಸಿದ್ದೆ. ಅವರು ಓದಿ, ಅಚ್ಚಿನ ತಪ್ಪುಗಳನ್ನೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿ ಕಳಿಸಿದರು. ಕೊನೆಯ ಪುಟದಲ್ಲಿ ಮಕ್ಕಳ ಸ್ಲೇಟಿನ ಮೇಲೆ ಬರೆಯುವ ಹಾಗೆ ದುಂಡಾಗಿ, "ನಿಮ್ಮ ನಾಯಕಿಗೆ ಡ್ರೈವಿಂಗ್ ಚೆನ್ನಾಗಿ ಬರುತ್ತದೆ, ನನ್ನ ಹಾಗಲ್ಲ. ಶಹಬ್ಬಾಸ್," ಎಂದು ಬರೆದಿದ್ದರು.

ಕಳೆದ ತಿಂಗಳು ಅವರಿಗೆ ಫ್ಲಶಿಂಗ್ ಗಣಪತಿ ದೇವಸ್ಥಾನಕ್ಕೆ ಹೋಗಬೇಕೆನಿಸಿತು. ಕಿರಣನಿಗೆ ಬಿಡುವಿಲ್ಲ. ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ಆ ದಿನ ಎಲ್ಲ ಹೇಳಿಬಿಡಬೇಕೆಂದು ಒಳಗೊಳಗೇ ತೀರ್ಮಾನಿಸಿಕೊಂಡೂ ಇದ್ದೆ. ಎರಡು ಸೇತುವೆ, ಬೇಕಾದಷ್ಟು ಟ್ರ್ಯಾಫಿಕ್ಕು. ಟೀಚರ್ ಪಕ್ಕದಲ್ಲಿ ಕೂತಿದ್ದರು. ಮೊದಲನೆಯ ಸೇತುವೆ ದಾಟುವಷ್ಟರಲ್ಲಿ ನನಗೆ ಕಾಣಿಸಿತು. ಅವರ ಬಲಗಾಲು, ಉಣ್ಣೆ ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿದ ಬಲಗಾಲು, ಮೆಲ್ಲಗೆ ಮುಂದೆ ಹೋಗಿ ಮ್ಯಾಟನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಒಂದೊಂದು ಸಲವೂ ನನಗಿಂತ ಒಂದು ಕ್ಷಣ ಮೊದಲು. ಒಂದು ಸಲವೂ ತಪ್ಪಾಗಿ ಅಲ್ಲ.

"ಟೀಚರ್, ಒಂದು ಮಾತು ಹೇಳ್ಬೇಕು," ಎಂದೆ. ಇಬ್ಬರೂ ರಸ್ತೆ ನೋಡುತ್ತಿದ್ದೆವು. "ನಿಮಗೆ ಕಲಿಸೋವಾಗ ಒಂದೆರಡು ಸಲ ನಾನು ಸುಮ್ಮಸುಮ್ಮನೆ ಬ್ರೇಕ್ ಒತ್ತಿದ್ದೆ. ಅಗತ್ಯ ಇರಲಿಲ್ಲ. ನೀವು ಸರಿಯಾಗೇ ಓಡಿಸ್ತಿದ್ರಿ."

ಟೀಚರ್ ನಕ್ಕರು. "ಹೋಗ್ಲಿ ಬಿಡಿ ಮೇಡಂ. ನಾವೂ ಮಕ್ಕಳಿಗೆ ಸುಮ್ಮನೆ ಗದರಿಸ್ತಿರ್ಲಿಲ್ವೇ? ಬ್ರೇಕಿನ ವಿಷಯ ಅಲ್ಲ ಅದು. ಆ ಮಗು ನಂಗೆ ಕಾಣ್ಲಿಲ್ವಲ್ಲ, ಅದು. ತಮಾಷೆ ಅಂದ್ರೆ ಈಗ ಕಾಣುತ್ತೆ. ಮಳೆ ಬಂದಾಗ ಕಿಟಕಿ ಹತ್ರ ನಿಂತ್ರೆ ಆ ಹಳದಿ ಕೋಟು ಹಾಗೇ ಕಣ್ಣಿಗೆ ಬರುತ್ತೆ. ಅವತ್ತು ನಿಮ್ಮ ಕಾಲು ಇಲ್ದಿದ್ರೆ ಆ ತಾಯಿ ಗತಿ ಏನಾಗ್ತಿತ್ತು ಹೇಳಿ."

ಮಿಕ್ಕರ್ಧವನ್ನು ಅವರು ಕೇಳಲಿಲ್ಲ. ನಾನು ಕೊಡಲಿಲ್ಲ.

ದೇವಸ್ಥಾನದ ಬೀದಿಯಲ್ಲಿ ಎರಡು ಕಾರುಗಳ ನಡುವೆ ಒಂದೇ ಒಂದು ಜಾಗ ಖಾಲಿ ಇತ್ತು. ಹನ್ನೊಂದು ವರ್ಷ ಕಲಿಸಿದವಳು ನಾನು, ಎರಡು ಸಲ ಹಿಂದಕ್ಕೆ ಬಂದರೂ ಕಾರನ್ನು ಅದರಲ್ಲಿ ಹಿಡಿಸಲಾಗಲಿಲ್ಲ. ಟೀಚರ್ ಇಳಿದು ಫುಟ್‌ಪಾತಿನ ಮೇಲೆ ನಿಂತು ಕೈ ಎತ್ತಿದರು. "ಬನ್ನಿ, ಬನ್ನಿ. ಈಗ ಪೂರ್ತಿ ತಿರುಗಿಸಿ. ಸಾಕು. ಈಗ ನೇರ ಮಾಡಿ." ಕಾರು ಡಬ್ಬಿಯ ಮುಚ್ಚಳದಂತೆ ಕೂತಿತು. "ನೀವೇ ಹೇಳಿಕೊಟ್ಟಿದ್ದಲ್ವಾ ಮೇಡಂ," ಎಂದರು. ಕ್ಯಾಂಟೀನಿನಲ್ಲಿ ನನ್ನ ತಟ್ಟೆಯಲ್ಲಿ ಉಳಿದ ಅರ್ಧ ಮಸಾಲೆ ದೋಸೆಯನ್ನು ದಂಡವಾಗಬಾರದೆಂದು ಅವರೇ ತಿಂದರು.

ಕಾರು ಕೊಳ್ಳುವುದು, ಮದುವೆ ಹಾಲ್ ಹಿಡಿಯುವುದು, ಬ್ಲೌಸಿಗೆ ಎಷ್ಟು ಲೂಸು ಬಿಡುವುದು, ಏನು ಬೇಕಾದರೂ ನನ್ನನ್ನು ಕೇಳಿ, ಹೇಳುತ್ತೇನೆ. ಇದೊಂದಕ್ಕೆ ನನ್ನ ಹತ್ತಿರ ಸಲಹೆಯಿಲ್ಲ. ಟೀಚರ್ ನಾನು ಬರೆದದ್ದನ್ನೆಲ್ಲ ಓದುತ್ತಾರೆ, ಈ ಪುಟವನ್ನೂ ಪೆನ್ಸಿಲು ಹಿಡಿದೇ ಓದುತ್ತಾರೆ. ಎದುರಿಗೆ ಕೂತು ಹೇಳಲಾಗದೆ ಅಚ್ಚಿನಲ್ಲಿ ಹೇಳುವುದೂ ಒಂದು ಚೌಕಾಶಿಯೇ, ಗೊತ್ತು. ಆದರೂ ಇಷ್ಟು ಮಾತ್ರ ಇಳಿಸದೆ ಹೇಳುತ್ತೇನೆ.

ಟೀಚರ್, ಒಂದೆರಡು ಸಲ ಅಲ್ಲ. ಆ ಮೇ ತಿಂಗಳಿಂದ ಪ್ರತಿ ಕ್ಲಾಸಿನಲ್ಲೂ. ಜೂನಿನ ಆ ಬೆಳಗ್ಗೆ ರಸ್ತೆ ಖಾಲಿ ಇತ್ತು. ನೀವು ಮಳೆಯಲ್ಲಿ ನೆನೆದು ಮರದ ಹಿಂದೆ ನೋಡಿದಿರಲ್ಲ, ನೋಡಿದ್ದು ಸರಿಯಾಗಿಯೇ ನೋಡಿದಿರಿ.

ಅಲ್ಲಿ ಮಗು ಇರಲಿಲ್ಲ.